ಬಂಕಿನಿಂದ ಬಂಕಿಗೆ ಬದಲಾದ ಪೆಟ್ರೋಲ್

ಒಂದೇ ಊರಿನ ಎರಡು ಬಂಕ್‌ಗಳ ಪೆಟ್ರೋಲ್ ಒಂದೇ ಗುಣದ್ದಾಗಿರುವುದಿಲ್ಲ ಎಂಬ ನಂಬಿಕೆ ಭಾರತದ ವಾಹನ ಸವಾರರಲ್ಲಿ ಹಳೆಯದು. ಒಂದು ಕಾಲದಲ್ಲಿ ಅದಕ್ಕೆ ಗಟ್ಟಿ ಆಧಾರವೂ ಇತ್ತು. ಆದರೆ ವ್ಯತ್ಯಾಸ ಹುಟ್ಟುತ್ತಿದ್ದುದು ಬಹುಮಟ್ಟಿಗೆ ಸಂಸ್ಕರಣಾಗಾರದಲ್ಲಲ್ಲ. ಅಲ್ಲಿಂದ ಹೊರಟ ಟ್ಯಾಂಕರ್ ಸಾಗುವ ದಾರಿಯಲ್ಲಿ ಮತ್ತು ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ.

ತೈಲ ಕಂಪನಿಗಳ ಪೈಕಿ ಎಸ್ಸೊ 1974ರಲ್ಲಿ, ಬರ್ಮಾ ಶೆಲ್ ಮತ್ತು ಕ್ಯಾಲ್ಟೆಕ್ಸ್ 1976ರಲ್ಲಿ ಸರ್ಕಾರದ ವಶಕ್ಕೆ ಬಂದವು. ಆಮೇಲೆ ಬಂಕ್‌ಗಳ ಬಣ್ಣ, ಫಲಕ ಬೇರೆ ಬೇರೆ ಇದ್ದರೂ ಒಳಗಿನ ಸರಕಿಗೆ ಅಷ್ಟು ಭೇದ ಉಳಿಯಲಿಲ್ಲ. ಹತ್ತಿರದ ಡಿಪೋದಿಂದ ಒಂದು ಕಂಪನಿ ಇನ್ನೊಂದರ ಪೆಟ್ರೋಲ್ ಎತ್ತುವುದು ಮಾಮೂಲಿ ವ್ಯವಸ್ಥೆ. ಮಂಗಳೂರಿನ ಸಂಸ್ಕರಣಾಗಾರದಿಂದ ಹಾಸನದ ಮೂಲಕ ಬೆಂಗಳೂರಿಗೆ ಬರುವ ಕೊಳವೆಮಾರ್ಗದ ಪೆಟ್ರೋಲ್ ಕೊನೆಗೆ ಬೇರೆ ಬೇರೆ ಕಂಪನಿಗಳ ಬಂಕ್ ಸೇರುತ್ತದೆ. 2002ರ ಆಸುಪಾಸಿನಲ್ಲಿ ಬಂದ ‘ಸ್ಪೀಡ್’, ‘ಪವರ್’ ಹೆಸರಿನ ದುಬಾರಿ ಪೆಟ್ರೋಲ್‌ಗಳಲ್ಲೂ ಮೂಲ ಸರಕು ಅದೇ; ಎಂಜಿನ್ನಿನ ಒಳಭಾಗವನ್ನು ಶುಚಿಯಾಗಿಡುವ ರಾಸಾಯನಿಕ ಮಾತ್ರ ಹೆಚ್ಚುವರಿ.

ಕೆಲವೊಮ್ಮೆ ವ್ಯತ್ಯಾಸವನ್ನು ಸರ್ಕಾರವೇ ತಂದದ್ದೂ ಉಂಟು. ಸೀಸರಹಿತ ಪೆಟ್ರೋಲ್ 1995ರ ಏಪ್ರಿಲ್‌ನಲ್ಲಿ ಮೊದಲು ಬಂದದ್ದು ನಾಲ್ಕು ಮಹಾನಗರಗಳಿಗೆ. ದೇಶದ ಎಲ್ಲೆಡೆ ಅದು ಸಿಕ್ಕಿದ್ದು 2000ದ ಫೆಬ್ರುವರಿಯಲ್ಲಿ. ನಡುವಿನ ವರ್ಷಗಳಲ್ಲಿ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದ ಹೊಸ ಕಾರು ಹೆದ್ದಾರಿಯ ಯಾವುದೋ ಬಂಕಿನಲ್ಲಿ ಸೀಸದ ಪೆಟ್ರೋಲ್ ತುಂಬಿಸಿಕೊಂಡರೆ ಕನ್ವರ್ಟರ್ ಕೆಟ್ಟಂತೆಯೇ. 2010ರಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಬಿಎಸ್-4 ಇಂಧನ ಬಂದಾಗ ಅಲ್ಲಿನ ಪೆಟ್ರೋಲ್‌ನಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 50 ಭಾಗ, ಹೊರಗಿನ ಬಿಎಸ್-3 ಪೆಟ್ರೋಲ್‌ನಲ್ಲಿ 150. ದೇಶಕ್ಕೆಲ್ಲ ಒಂದೇ ಮಾನದಂಡ ಬಂದದ್ದು 2017ರಲ್ಲಿ.

ಇವೆಲ್ಲ ಕಾಗದದ ಮೇಲಿದ್ದ, ತಿಳಿದ ವ್ಯತ್ಯಾಸಗಳು. ಸವಾರನ ಜೇಬು ಸುಟ್ಟದ್ದು ಸೀಮೆಎಣ್ಣೆ. ಬಡವರ ಒಲೆಗೆಂದು ನ್ಯಾಯಬೆಲೆ ಅಂಗಡಿಯಲ್ಲಿ ಅದು ಲೀಟರಿಗೆ 9–10 ರೂಪಾಯಿಗೆ ಸಿಗುತ್ತಿದ್ದಾಗ, 2005ರ ಹೊತ್ತಿಗೆ, ಪೆಟ್ರೋಲ್ 40 ರೂಪಾಯಿ ದಾಟಿತ್ತು. ಕಾಳಸಂತೆಯಲ್ಲಿ ದುಪ್ಪಟ್ಟು ಕೊಟ್ಟು ತಂದರೂ ಲೀಟರಿಗೆ 20 ರೂಪಾಯಿ ಮಿಗುತ್ತಿತ್ತು. 12,000 ಲೀಟರ್ ಟ್ಯಾಂಕರಿಗೆ ಹತ್ತರಲ್ಲೊಂದು ಪಾಲು ಬೆರೆಸಿದರೆ ಒಂದೇ ಖೇಪಿಗೆ 24,000 ರೂಪಾಯಿ ಗಿಟ್ಟುವ ಲೆಕ್ಕ. ಇಷ್ಟು ಆಸೆ ಹುಟ್ಟಿಸುವ ಬೆಲೆ ಕಟ್ಟಿ, ಆಮೇಲೆ ಇನ್‌ಸ್ಪೆಕ್ಟರರನ್ನು ಕಾವಲಿಗೆ ಬಿಟ್ಟ ನೀತಿಯೇ ಕಲಬೆರಕೆಯ ತಾಯಿಬೇರು.

ಸೀಮೆಎಣ್ಣೆ ಪೆಟ್ರೋಲ್‌ನಷ್ಟು ಬೇಗ ಆವಿಯಾಗುವುದಿಲ್ಲ, ಅದರ ಆಕ್ಟೇನ್ ಮಟ್ಟವೂ ಬಹಳ ಕಡಿಮೆ. ಹಾಗಾಗಿ ಏರು ಹತ್ತುವಾಗ ಎಂಜಿನ್ ಕಟಕಟ ಬಡಿಯುತ್ತದೆ, ಪಿಕಪ್ ಬೀಳುತ್ತದೆ, ಹೊಗೆ ಹೆಚ್ಚುತ್ತದೆ, ಪ್ಲಗ್ ಮೇಲೆ ಮಸಿ ಕಟ್ಟುತ್ತದೆ. ಸುಡದೆ ಉಳಿದದ್ದು ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್ ತೆಳುವಾಗುತ್ತದೆ. ಡೀಸೆಲ್‌ಗೆ ಬೆರೆಸಿದರೆ ಇಷ್ಟು ಬೇಗ ಗೊತ್ತಾಗುವುದಿಲ್ಲ. ಪಂಪಿಗೆ ಸಿಗಬೇಕಾದ ಜಾರುಗುಣ ಕುಗ್ಗಿ ಅದು ಮೆಲ್ಲಗೆ ಸವೆಯುತ್ತದೆ.

ಹಿಡಿಯುವುದು ಸುಲಭವಿರಲಿಲ್ಲ. ಪೆಟ್ರೋಲ್‌ನ ಸಾಂದ್ರತೆ ಘನಮೀಟರಿಗೆ 720ರಿಂದ 775 ಕಿಲೋ ಇರಬಹುದು. 740ರ ಪೆಟ್ರೋಲಿಗೆ 800ರ ಸೀಮೆಎಣ್ಣೆ ಹತ್ತರಲ್ಲೊಂದು ಪಾಲು ಬೆರೆಸಿದರೆ 746 ಆಗುತ್ತದೆ, ಅಂದರೆ ಮಾನದಂಡದ ಒಳಗೇ. ಡಿಪೋದ ಇನ್‌ವಾಯ್ಸ್‌ನಲ್ಲಿ ನಮೂದಿಸಿದ ಅಂಕಿಗಿಂತ 3ಕ್ಕಿಂತ ಹೆಚ್ಚು ಏರುಪೇರಾಗಬಾರದೆಂಬ ನಿಯಮಕ್ಕೆ ಮಾತ್ರ ಅದು ಸಿಕ್ಕಿಬೀಳಬೇಕು. ಅದಕ್ಕೂ ಉಪಾಯವಿತ್ತು: ಜೊತೆಗೆ ಹಗುರವಾದ ನಾಫ್ತಾ ಸೇರಿಸಿದರೆ ಅಂಕಿ ಮತ್ತೆ ಸರಿಹೋಗುತ್ತಿತ್ತು. ಗ್ರಾಹಕನ ಕೈಲಿದ್ದದ್ದು ಫಿಲ್ಟರ್ ಪೇಪರ್ ಒಂದೇ. ನಾಝಲ್‌ನಿಂದ ಬಿದ್ದ ಹನಿ ಎರಡು ನಿಮಿಷದಲ್ಲಿ ಆರಿ ಕಲೆ ಉಳಿಯದಿದ್ದರೆ ಪೆಟ್ರೋಲ್ ಶುದ್ಧವೆಂದು ಲೆಕ್ಕ.

ಈ ದಂಧೆಯ ಬೆಲೆಯನ್ನು ಪ್ರಾಣ ಕೊಟ್ಟು ತೆತ್ತವರಲ್ಲಿ ಕರ್ನಾಟಕದವರೊಬ್ಬರಿದ್ದಾರೆ. ಕೆಜಿಎಫ್‌ನಲ್ಲಿ ಹುಟ್ಟಿ, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಓದಿ ಇಂಡಿಯನ್ ಆಯಿಲ್ ಸೇರಿದ್ದ ಮಂಜುನಾಥ್ ಷಣ್ಮುಗಂ ಅವರು ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಬಂಕಿಗೆ ಬೀಗ ಹಾಕಿಸಿದ್ದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. 2011ರ ಜನವರಿ 25ರಂದು ಮಹಾರಾಷ್ಟ್ರದ ಮನ್ಮಾಡ್ ಬಳಿ ಕಲಬೆರಕೆ ಪತ್ತೆಗೆ ಹೋಗಿದ್ದ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆ ಅವರನ್ನು ಜೀವಂತ ಸುಟ್ಟರು.

ಇವೆರಡರ ನಡುವೆ, 2006ರ ಅಕ್ಟೋಬರ್‌ನಲ್ಲಿ, ಪಡಿತರ ಸೀಮೆಎಣ್ಣೆಗೆ ಗುಟ್ಟಿನ ರಾಸಾಯನಿಕ ಗುರುತೊಂದನ್ನು ಬೆರೆಸುವ ಪ್ರಯೋಗ ನಡೆದಿತ್ತು. ಅದನ್ನು ಬೇರ್ಪಡಿಸಿ ತೆಗೆಯಬಹುದೆಂದು ಬಯಲಾದ ಮೇಲೆ 2009ರ ಆರಂಭಕ್ಕೇ ಕೈಬಿಟ್ಟರು. ಬೆಲೆ ಮಾಡಿದ ಕೆಲಸವನ್ನು ಯಾವ ಗುರುತೂ ಮಾಡಲಿಲ್ಲ ಎನ್ನಬೇಕು. 2016ರ ಜುಲೈನಿಂದ ಸೀಮೆಎಣ್ಣೆಯ ಬೆಲೆ ಹಂತಹಂತವಾಗಿ ಏರಿ 2020ರಲ್ಲಿ ಸಬ್ಸಿಡಿ ಸೊನ್ನೆಗಿಳಿಯಿತು. ಅಡುಗೆ ಅನಿಲ ಮನೆಮನೆ ಸೇರಿದಂತೆ ಬೆರೆಸಲು ಸಿಗುವ ಅಗ್ಗದ ಸೀಮೆಎಣ್ಣೆಯೇ ಕಡಿಮೆಯಾಯಿತು.

ಈಗಿನ ಬೆರಕೆ ಅಧಿಕೃತವಾದದ್ದು. ಶೇ 20 ಎಥೆನಾಲ್ ಇರುವ ಪೆಟ್ರೋಲ್‌ಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಆಕ್ಟೇನ್ ವಿಷಯದಲ್ಲಿ ಎಥೆನಾಲ್ ಮೇಲು. ಆದರೆ ಈ ಮಿಶ್ರಣದ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 6–7ರಷ್ಟು ಕಡಿಮೆ ಶಕ್ತಿಯಿರುವುದರಿಂದ ಹಳೆಯ ವಾಹನಗಳ ಮೈಲೇಜ್ ಇಳಿಯುತ್ತದೆ. ಎಲ್ಲ ಬಂಕ್‌ಗಳಲ್ಲೂ ಇದೇ ಕತೆಯಾದ್ದರಿಂದ ಬಂಕ್ ಬದಲಿಸಿ ಪ್ರಯೋಜನವಿಲ್ಲ. ಬಂಕಿಗೂ ಬಂಕಿಗೂ ಇಂದು ನಿಜವಾಗಿ ಇರಬಹುದಾದ ಅಂತರ ನೀರಿನದು. ಮಳೆಗಾಲದಲ್ಲಿ ನೆಲದಡಿಯ ಟ್ಯಾಂಕಿಗೆ ನೀರು ಜಿನುಗಿದರೆ ಎಥೆನಾಲ್ ಅದರೊಡನೆ ಕೂಡಿಕೊಂಡು ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕಿಳಿಯುತ್ತದೆ. ಆ ತಳದ ದ್ರವ ಗಾಡಿಯ ಟ್ಯಾಂಕಿಗೆ ಬಂದರೆ ಎಂಜಿನ್ ನಿಂತೇಹೋಗುತ್ತದೆ. ನೀರನ್ನು ಪತ್ತೆಮಾಡಲು ಬಂಕಿನವರು ಅಳತೆಕೋಲಿನ ತುದಿಗೆ ಬಣ್ಣ ತಿರುಗುವ ಪೇಸ್ಟ್ ಹಚ್ಚಿ ಟ್ಯಾಂಕಿಗೆ ಇಳಿಸುತ್ತಾರೆ; ಎಥೆನಾಲ್ ಬೆರೆತ ಪೆಟ್ರೋಲಿಗೆ ಅದಕ್ಕೆಂದೇ ತಯಾರಾದ ಪೇಸ್ಟ್ ಬೇಕು.