ಚಾಕುವಿಗೆ ತಗುಲಿದ್ದು ಗಾರೆಯಲ್ಲ: ರಕ್ತನಾಳದ ಗೋಡೆಯ ಕಥೆ

ಇವತ್ತಿನ ಕಂತಿನಲ್ಲಿ ಒಂದು ಗೋಡೆಯ ಇತಿಹಾಸ ಹೇಳ್ತೀನಿ. ಕೋಟೆ ಗೋಡೆ ಅಲ್ಲ, ಹೃದಯಕ್ಕೆ ರಕ್ತ ತಲುಪಿಸೋ ನಾಳದ ಗೋಡೆ. ‘ಬ್ಲಾಕ್ ಇದೆಯಂತೆ’ ಅನ್ನೋ ಮಾತು ಈಗ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತೆ. ಕೇಳಿದ ಕೂಡಲೇ ನಮಗೆ ನೆನಪಾಗೋದು ಅಡುಗೆಮನೆ ಸಿಂಕಿನ ಪೈಪು. ಜಿಡ್ಡು ಕಟ್ಟಿದೆ, ನೀರು ಇಳೀತಿಲ್ಲ, ಅಷ್ಟೇ. ಈ ಪೈಪಿನ ಲೆಕ್ಕ ಎಲ್ಲಿ ತಪ್ಪುತ್ತೆ ಅಂತ ತಿಳಿಯೋಕೆ ವೈದ್ಯಲೋಕಕ್ಕೆ ಸುಮಾರು ಇನ್ನೂರು ವರ್ಷ ಹಿಡೀತು.

1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಒಂದು ಎದೆನೋವನ್ನು ವಿವರಿಸಿದರು. ನಡೆಯುವಾಗ, ಅದರಲ್ಲೂ ಊಟ ಮಾಡಿ ದಿಬ್ಬ ಹತ್ತುವಾಗ ಬರುತ್ತೆ, ನಿಂತರೆ ಹೋಗುತ್ತೆ. ಅದಕ್ಕೆ ಆಂಜೈನಾ ಅಂತ ಹೆಸರಿಟ್ಟರು. ವಿವರಣೆ ಇವತ್ತಿಗೂ ಸರಿ. ಆದರೆ ನೋವಿನ ಮೂಲ ಎಲ್ಲಿದೆ ಅನ್ನೋದು ಅವರಿಗೆ ಹೊಳೆದಿರಲಿಲ್ಲ.

ಅದು ಹೊಳೆದದ್ದು ಎಡ್ವರ್ಡ್ ಜೆನ್ನರ್‌ಗೆ. ಹೌದು, ಸಿಡುಬಿನ ಲಸಿಕೆಯ ಜೆನ್ನರ್. ಲಸಿಕೆಗೂ ಎಷ್ಟೋ ವರ್ಷ ಮೊದಲು, ಈ ಹಳ್ಳಿ ಡಾಕ್ಟರು ಆಂಜೈನಾದಿಂದ ಸತ್ತವರೊಬ್ಬರ ಹೃದಯವನ್ನು ಕೊಯ್ದು ನೋಡ್ತಿದ್ದರು. ಚಾಕು ಏನೋ ಗಟ್ಟಿ ವಸ್ತುವಿಗೆ ತಗುಲಿ ಕರಕರ ಅಂತು. ಜೆನ್ನರ್ ತಲೆಯೆತ್ತಿ ಸೂರು ನೋಡಿದರು. ಹಳೇ ಕಟ್ಟಡ, ಗಾರೆ ಉದುರಿ ಬಿದ್ದಿರಬೇಕು ಅಂದುಕೊಂಡರು. ಗಾರೆ ಬಿದ್ದಿರಲಿಲ್ಲ. ಹೃದಯದ್ದೇ ರಕ್ತನಾಳ ಮೂಳೆಯ ಹಾಗೆ ಗಟ್ಟಿಯಾಗಿತ್ತು.

ಇಂಥದ್ದನ್ನು ಕಂಡವರು ಊರಿಗೆಲ್ಲ ಹೇಳಬೇಕಿತ್ತಲ್ವಾ? ಜೆನ್ನರ್ ಪ್ರಕಟಿಸಲಿಲ್ಲ. ಯಾಕಂದ್ರೆ ಅವರ ಗುರು, ಆ ಕಾಲದ ದೊಡ್ಡ ಸರ್ಜನ್ ಜಾನ್ ಹಂಟರ್‌ಗೆ ಅದೇ ಲಕ್ಷಣಗಳಿದ್ದವು. ಜೆನ್ನರ್ ಅವರ ಮನೆಯಲ್ಲೇ ಇದ್ದು ಕಲಿತವರು. ಬರೆದರೆ ಗುರು ಓದ್ತಾರೆ, ಓದಿದರೆ ತನ್ನ ಎದೆಯೊಳಗೆ ಏನಾಗ್ತಿದೆ ಅಂತ ತಿಳಿದುಬಿಡುತ್ತೆ. ನನ್ನ ಮಟ್ಟಿಗೆ ಜೆನ್ನರ್ ಮಾಡಿದ್ದು ಅರ್ಥವಾಗುತ್ತೆ. ಆಗ ಈ ಕಾಯಿಲೆಗೆ ಕೊಡೋಕೆ ಔಷಧಿ ಇರಲಿಲ್ಲ. ಸತ್ಯದ ಜೊತೆ ಕೊಡೋಕೆ ಇದ್ದದ್ದು ಭಯ ಮಾತ್ರ.

ಹಂಟರ್‌ಗೆ ಸಿಟ್ಟು ಬಂದರೂ ಎದೆ ಹಿಡಿದುಕೊಳ್ಳುತ್ತಿತ್ತು. ನನ್ನನ್ನು ಕೆಣಕುವ ಯಾವ ತುಂಟನ ಕೈಲಾದರೂ ನನ್ನ ಪ್ರಾಣ ಇದೆ ಅನ್ನೋ ಅರ್ಥದಲ್ಲಿ ಅವರು ಹೇಳ್ತಿದ್ದರಂತೆ. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ಸ್ ಆಸ್ಪತ್ರೆಯ ಸಭೆಯಲ್ಲಿ ಯಾರೋ ಅವರ ಮಾತಿಗೆ ಎದುರಾಡಿದರು. ಹಂಟರ್ ಎದ್ದು ಪಕ್ಕದ ಕೋಣೆಗೆ ಹೋದವರು ಅಲ್ಲೇ ಕುಸಿದು ತೀರಿಕೊಂಡರು. ಶವಪರೀಕ್ಷೆಯಲ್ಲಿ ಹೃದಯದ ನಾಳಗಳು ಗಟ್ಟಿಯಾಗಿದ್ದವು. ಜೆನ್ನರ್ ಕಂಡದ್ದು ಕೊನೆಗೂ ಜನಕ್ಕೆ ಗೊತ್ತಾಗಿದ್ದು 1799ರಲ್ಲಿ, ಗೆಳೆಯ ಕೇಲಬ್ ಪ್ಯಾರಿ ಬರೆದ ಪುಸ್ತಕದಲ್ಲಿ.

ಆಮೇಲಿನ ನೂರು ವರ್ಷವನ್ನು ಬೇಗ ದಾಟೋಣ. 1850ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಶೋ, ಇದು ಗೋಡೆಯೊಳಗೇ ನಡೆಯೋ ಉರಿಯೂತ ಅಂದರು. ವಿಯೆನ್ನಾದ ರೋಕಿಟಾನ್ಸ್ಕಿ, ಅಲ್ಲ, ಹರಿಯೋ ರಕ್ತದಿಂದ ಬಂದು ಗೋಡೆಗೆ ಮೆತ್ತಿಕೊಳ್ಳೋ ಪದರ ಅಂದರು. 1913ರಲ್ಲಿ ರಷ್ಯಾದ ಅನಿಚ್ಕೋವ್ ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟರಾಲ್ ಕರಗಿಸಿ ಮೊಲಗಳಿಗೆ ತಿನ್ನಿಸಿದರು. ಮೊಲಗಳ ರಕ್ತನಾಳ ಮನುಷ್ಯರದ್ದರ ಹಾಗೇ ಕೆಟ್ಟವು.

ಆದರೂ ಇದು ಮುದುಕರ ಕಾಯಿಲೆ, ವಯಸ್ಸಾದ ಮೇಲೆ ನೋಡಿಕೊಳ್ಳೋಣ ಅನ್ನೋ ನಂಬಿಕೆ ಗಟ್ಟಿಯಾಗೇ ಇತ್ತು. ಅದಕ್ಕೆ ಪೆಟ್ಟು ಬಿದ್ದದ್ದು ಕೊರಿಯಾ ಯುದ್ಧದಿಂದ. ಅಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ಸೇನಾ ವೈದ್ಯರು 1953ರಲ್ಲಿ ವರದಿ ಕೊಟ್ಟರು. ಸರಾಸರಿ ವಯಸ್ಸು 22. ಅವರಲ್ಲಿ ಶೇಕಡಾ 77 ಮಂದಿಯ ನಾಳಗಳಲ್ಲಿ ಆಗಲೇ ಕಾಯಿಲೆಯ ಗುರುತು ಕಾಣುತ್ತಿತ್ತು. ಇವರು ಆಸ್ಪತ್ರೆಗೆ ಬಂದ ರೋಗಿಗಳಲ್ಲ, ಬಂದೂಕು ಹೊತ್ತು ಬೆಟ್ಟ ಹತ್ತಿದ ಹುಡುಗರು. ಇಪ್ಪತ್ತೆಂಟರ ನಾನು ಈ ಸಂಖ್ಯೆಯನ್ನು ಎರಡು ಸಲ ಓದಿಕೊಂಡೆ.

ಗೋಡೆ ಯಾಕೆ ಕೆಡುತ್ತೆ ಅಂತ ತಿಳಿಯೋಕೆ, ಚೆನ್ನಾಗಿದ್ದಾಗ ಅದು ಏನು ಮಾಡುತ್ತೆ ಅನ್ನೋದು ಗೊತ್ತಾಗಬೇಕಿತ್ತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದ ಚೂರುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡ್ತಿದ್ದರು. ನಾಳ ಬಿಗಿಯಾಗಬೇಕಾದ ಒಂದು ಪ್ರಯೋಗದಲ್ಲಿ ಅದು ಸಡಿಲವಾಗಿಬಿಡ್ತು. ಯಾಕೆ ಅಂತ ಬೆನ್ನು ಹತ್ತಿದಾಗ ಕಾರಣ ಸಿಕ್ಕಿತು. ಅದುವರೆಗೆ ಚೂರುಗಳನ್ನು ಸಿದ್ಧ ಮಾಡುವಾಗ ಅವುಗಳ ಒಳಮೈ ಉಜ್ಜಿಹೋಗುತ್ತಿತ್ತು. ಈ ಸಲ ಉಜ್ಜಿರಲಿಲ್ಲ. ಆ ಒಳಮೈಯ ಪದರದ ದಪ್ಪ ಒಂದೇ ಒಂದು ಜೀವಕೋಶ. ಅದು ಇದ್ದರೆ ನಾಳ ಸಡಿಲವಾಗುತ್ತೆ, ಉಜ್ಜಿಹೋದರೆ ಇಲ್ಲ. 1980ರಲ್ಲಿ ಇದು ಪ್ರಕಟವಾಯ್ತು. ಆ ಪದರ ಹೊರಬಿಡೋದು ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಅಂತ ಆಮೇಲೆ ತಿಳೀತು. 1998ರಲ್ಲಿ ಫರ್ಚ್‌ಗಾಟ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು.

ತಮಾಷೆ ನೋಡಿ, ಡೈನಮೈಟಿನ ನೈಟ್ರೋಗ್ಲಿಸರಿನ್ ಹೃದ್ರೋಗಕ್ಕೂ ಔಷಧಿ. ಆಲ್ಫ್ರೆಡ್ ನೊಬೆಲ್‌ಗೇ ವೈದ್ಯರು ಅದನ್ನು ಬರೆದುಕೊಟ್ಟಿದ್ದರು. ಅದು ದೇಹದೊಳಗೆ ಬಿಡುಗಡೆ ಮಾಡೋದು ಇದೇ ಅನಿಲವನ್ನು. ನಮ್ಮ ಮನೆ ಹಿರಿಯರು ಜೇಬಲ್ಲಿಟ್ಟುಕೊಳ್ಳೋ, ಎದೆ ಹಿಡಿದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳೋ ಸಾರ್ಬಿಟ್ರೇಟ್ ಕೂಡ ಅದೇ ಜಾತಿಯ ಮಾತ್ರೆ.

ಈ ಒಳಪದರಕ್ಕೆ ಬೀಳೋ ಪೆಟ್ಟಿನಿಂದಲೇ ಕಾಯಿಲೆ ಶುರುವಾಗುತ್ತೆ ಅಂತ 1976ರಲ್ಲೇ ಸಿಯಾಟಲ್‌ನ ರಸೆಲ್ ರಾಸ್ ವಾದಿಸಿದ್ದರು. ಬಿಪಿ, ತಂಬಾಕಿನ ಹೊಗೆ, ಸಕ್ಕರೆ ಕಾಯಿಲೆ, ಹೆಚ್ಚಾದ ಕೆಟ್ಟ ಕೊಲೆಸ್ಟರಾಲ್ ಎಲ್ಲವೂ ಅದನ್ನು ಹಾಳು ಮಾಡುತ್ತವೆ. ಕೊಬ್ಬು ಒಳಗೆ ಇಳಿಯುತ್ತೆ, ಅದನ್ನು ತೆಗೆಯೋಕೆ ಬಂದ ಬಿಳಿರಕ್ತಕಣಗಳೂ ಅಲ್ಲೇ ಸಿಕ್ಕಿಕೊಳ್ಳುತ್ತವೆ, ಮೇಲೆ ನಾರಿನ ಮುಚ್ಚಳ ಬೆಳೆಯುತ್ತೆ. ನಾವು ಕಾಮರ್ಸ್‌ನವರು ಇದನ್ನು ಸವಕಳಿ ಅಂತೀವಿ. ಯಂತ್ರ ದಿನಾ ಸವೆಯುತ್ತೆ, ಅದಕ್ಕಂತ ದಿನಾ ಬಿಲ್ ಬರಲ್ಲ. ರಾಸ್ 1999ರಲ್ಲಿ, ಇದು ಉರಿಯೂತದ ಕಾಯಿಲೆಯೇ ಅಂತ ಬರೆದರು. ವಿರ್ಶೋ ಹೇಳಿದ್ದಕ್ಕೇ ಒಂದು ಸುತ್ತು ಹಾಕಿ ಬಂದಹಾಗಾಯ್ತು.

ಹಾಗಾದ್ರೆ ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್ ಬಂದವರಿಗೂ ಹೃದಯಾಘಾತ ಆಗೋದು ಹೇಗೆ? ಆ ಪರೀಕ್ಷೆ ಹಿಡಿಯೋದು ಮುಖ್ಯವಾಗಿ ನಾಳ ತೀರಾ ಕಿರಿದಾಗಿದ್ದರೆ. ಎಷ್ಟೋ ಆಘಾತಗಳು ಆಗೋದು ದಾರಿಯನ್ನು ಅರ್ಧವೂ ಮುಚ್ಚಿರದ ಜಾಗದಲ್ಲಿ. ತೆಳುವಾದ ಮುಚ್ಚಳ ಒಡೆಯುತ್ತೆ, ಒಳಗಿನದ್ದು ರಕ್ತಕ್ಕೆ ತಾಗುತ್ತೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತೆ. ಆಮೇಲೆ ಪೆಟ್ಟು ಹೃದಯದ ಗೋಡೆಗೇ. ರಕ್ತ ಸಿಗದ ಸ್ನಾಯು ಕೆಲವೇ ಗಂಟೆಗಳಲ್ಲಿ ಸಾಯುತ್ತೆ. ಆ ಜಾಗದಲ್ಲಿ ಬೆಳೆಯೋದು ಗಾಯದ ಕಲೆ. ಕಲೆ ಬಡಿಯಲ್ಲ.

ಸ್ಟೆಂಟ್ ಹಾಕಿಸಿಕೊಂಡು ಬಂದವರು ‘ಬ್ಲಾಕ್ ತೆಗೆದಾಯ್ತಲ್ಲ, ಇನ್ನು ಮಾತ್ರೆ ಯಾಕೆ’ ಅಂತ ಕೇಳೋದುಂಟು. ಸ್ಟೆಂಟ್ ಕೂತಿರೋದು ನಾಳದ ಕೆಲವೇ ಸೆಂಟಿಮೀಟರ್ ಉದ್ದದಲ್ಲಿ. ಮಿಕ್ಕ ಉದ್ದಕ್ಕೂ ಇರೋದು ಅದೇ ಹಳೇ ಗೋಡೆ. ಕೊಲೆಸ್ಟರಾಲ್ ಮಾತ್ರೆ ಕೆಲಸ ಮಾಡೋದು ಅಲ್ಲಿ. ಮುಚ್ಚಳ ಒಡೆಯದ ಹಾಗೆ ಅದನ್ನು ಗಟ್ಟಿ ಮಾಡುತ್ತೆ.