ರಾತ್ರಿ 12.30ಕ್ಕೆ ಮೊಬೈಲ್ ಆಫ್ ಮಾಡಬೇಕೇ? ಆಕಾಶದಲ್ಲಿ ನಿಜವಾಗಿ ನಡೆಯುವುದೇನು?

ಇಂದು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಡಿ ಎಂಬ ಮೆಸೇಜ್ ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ.

ಇದು ಸುಳ್ಳು. ಕಾಸ್ಮಿಕ್ ಕಿರಣಗಳು ಹಗಲೂ ರಾತ್ರಿಯೂ ಬೀಳುತ್ತಲೇ ಇರುತ್ತವೆ. ಆದರೆ ರಾತ್ರಿ ಆಕಾಶದಲ್ಲಿ ನಿಜವಾಗಿ ಬದಲಾಗುವುದು ಬೇರೆಯೇ ಇದೆ.

ರಾತ್ರಿ ದೂರದ ಸ್ಟೇಷನ್ ಕೇಳಿಸುವುದೇಕೆ?

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಹಿರಿಯರನ್ನು ಕೇಳಿ ನೋಡಿ. ಮೀಡಿಯಂ ವೇವ್ ರೇಡಿಯೊದಲ್ಲಿ ಹಗಲು ಧಾರವಾಡ ಆಕಾಶವಾಣಿ ಸ್ಪಷ್ಟ. ಕತ್ತಲಾದರೆ ದೂರದೂರದ ಸ್ಟೇಷನ್‌ಗಳೂ ನುಸುಳುತ್ತವೆ. ಕಾರಣ ಅಯಾನುಗೋಳದ ಕೆಳಗಿನ 'ಡಿ' ಪದರ. ಇದು ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿದೆ. ಹಾವೇರಿಯಿಂದ ಹುಬ್ಬಳ್ಳಿಗೆ ಇರುವಷ್ಟು ದೂರವನ್ನು ನೇರ ಮೇಲಕ್ಕೆ ಹೋದಂತೆ! ಹಗಲು ಬಿಸಿಲಿನಿಂದ ಹುಟ್ಟುವ ಈ ಪದರ ರೇಡಿಯೊ ಅಲೆಗಳನ್ನು ಹೀರುತ್ತದೆ. ರಾತ್ರಿ ಅದು ಬಹುಪಾಲು ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ನೂರಾರು ಕಿ.ಮೀ. ಆಚೆ ಇಳಿಯುತ್ತವೆ.

ಇದನ್ನು ಅಳೆಯುವುದು ಹೇಗೆ?

ಅಷ್ಟೆತ್ತರಕ್ಕೆ ಬಲೂನು ಏರದು, ಉಪಗ್ರಹ ಅಷ್ಟು ಕೆಳಗೆ ಸುತ್ತಲಾಗದು. ಹಾಗಾಗಿ ಉಪಕರಣ ಹೊತ್ತ ಸಣ್ಣ ರಾಕೆಟ್‌ಗಳೇ ಗತಿ. ಭಾರತದಲ್ಲಿ ಈ ಕೆಲಸ 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಹಾರಿದ ರಾಕೆಟ್‌ನೊಂದಿಗೆ ಶುರುವಾಯಿತು. 2010ರ ಜನವರಿ 15ರ ಕಂಕಣ ಸೂರ್ಯಗ್ರಹಣದ ವೇಳೆಯೂ ಇಸ್ರೊ ರಾಕೆಟ್‌ಗಳನ್ನು ಹಾರಿಸಿತು. ಬಿಸಿಲು ಕುಗ್ಗಿದಾಗ ಮೇಲೆ ಏನಾಗುತ್ತದೆ ಎಂದು ನೋಡಲು ಗ್ರಹಣಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ರಾಕೆಟ್‌ಗೆ ಸಿಗುವುದು ಕೆಲವೇ ನಿಮಿಷ. ಉಳಿದ ಹೊತ್ತು ರೇಡಿಯೊ ಅಲೆಗಳೇ ಕಾವಲು. ತಮಿಳುನಾಡಿನ ತಿರುನೆಲ್ವೇಲಿ ಬಳಿಯ ನೌಕಾಪಡೆ ಕೇಂದ್ರದ 18.2 ಕಿಲೋಹರ್ಟ್ಸ್ ಸಿಗ್ನಲ್ ನೆಲ ಮತ್ತು ಡಿ ಪದರದ ನಡುವೆ ಸಾಗುತ್ತದೆ. ದೂರದಲ್ಲಿ ಅದರ ಏರಿಳಿತ ಅಳೆದರೆ ಪದರದ ಸ್ಥಿತಿ ತಿಳಿಯುತ್ತದೆ.

ಮೊಬೈಲ್‌ಗೆ ಅಪಾಯವಿದೆಯೇ?

ಇಲ್ಲ. ನಿಮ್ಮ ಫೋನ್ ಮಾತಾಡುವುದು ಹತ್ತಿರದ ಟವರ್ ಜೊತೆ, ಅಯಾನುಗೋಳದ ಜೊತೆಯಲ್ಲ. ಸೂರ್ಯನಲ್ಲಿ ದೊಡ್ಡ ಸ್ಫೋಟವಾದಾಗ ಶಾರ್ಟ್‌ವೇವ್ ರೇಡಿಯೊ ಸ್ತಬ್ಧವಾಗಬಹುದು ನಿಜ. ಅದೂ ಹಗಲಿರುವ ಕಡೆ ಮಾತ್ರ, ಮಧ್ಯರಾತ್ರಿಯಲ್ಲಲ್ಲ. ಸೌರ ಬಿರುಗಾಳಿಯಿಂದ ಜಿಪಿಎಸ್ ತುಸು ತಪ್ಪು ತೋರಿಸಬಹುದು. ಇದರಿಂದ ಫೋನ್ ಸಿಡಿಯುವುದಿಲ್ಲ, ಮೈಗೆ ಏನೂ ಆಗುವುದಿಲ್ಲ.

ಅಪಾಯ ಇರುವುದು ಆ ಮೆಸೇಜ್‌ನಲ್ಲೇ. ಅದನ್ನು ನಂಬಿ ಮನೆಯವರೆಲ್ಲ ಫೋನ್ ಆಫ್ ಮಾಡಿದ ರಾತ್ರಿಯೇ ಊರಿನಿಂದ ತುರ್ತು ಕರೆ ಬಂದರೆ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಯೋಚಿಸಿ.