ಲಿಂಫೋಮಾ: ಹೆಸರು ಗೊತ್ತಾದರೆ ಏನೇನು ಗೊತ್ತಾಗುತ್ತದೆ?

ಗಾದಿಗನೂರಿನ ನಮ್ಮ ದೊಡ್ಡಪ್ಪನ ಕುತ್ತಿಗೆಯ ಗಂಟಿನ ವರದಿ ಬಂದ ದಿನ ಅವರು ಫೋನಿನಲ್ಲಿ ಕೇಳಿದ್ದು ಒಂದೇ: ‘ಏನಪಾ, ಇದ್ರಾಗ ಎಷ್ಟು ವರ್ಷ ಅಂತ ಬರ್ದಾರ?’ ವರದಿಯಲ್ಲಿ ವರ್ಷ ಇರಲಿಲ್ಲ. ‘ಲಿಂಫೋಮಾ, ಯಾವ ವಿಧ ಎಂದು ತಿಳಿಯಲು ಹೆಚ್ಚಿನ ಪರೀಕ್ಷೆ ಬೇಕು’ ಅಂತಷ್ಟೇ ಇತ್ತು. ಎಂಜಿನಿಯರಿಂಗ್ ಓದಿದ ನನಗೂ ಮುಖ್ಯವಾದದ್ದು ಆ ಎರಡನೇ ಮಾತೇ ಅಂತ ತಿಳಿಯಲು ಒಂದು ವಾರ ಬೇಕಾಯ್ತು.

ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಕ್ಯಾನ್ಸರ್ ಲಿಂಫೋಮಾ. ಅದು ಒಂದು ಕಾಯಿಲೆಯಲ್ಲ, ಹತ್ತಾರು ಕಾಯಿಲೆಗಳ ಕುಟುಂಬ. 1832ರಲ್ಲಿ ಥಾಮಸ್ ಹಾಡ್ಕಿನ್ ವಿವರಿಸಿದ್ದಕ್ಕೆ ಅವರದೇ ಹೆಸರು, ಉಳಿದವೆಲ್ಲ ನಾನ್-ಹಾಡ್ಕಿನ್. ಸಂಡೂರಿನ ಅದಿರು ನೋಡಲು ಎಲ್ಲವೂ ಕೆಂಪೇ, ಗ್ರೇಡ್ ಹೇಳೋದು ಲ್ಯಾಬ್. ಇದೂ ಹಾಗೆಯೇ.

1997ರಲ್ಲಿ ಪ್ರಕಟವಾದ, ಹಲವು ದೇಶಗಳ ಸುಮಾರು 1,400 ನಾನ್-ಹಾಡ್ಕಿನ್ ರೋಗಿಗಳ ಅಧ್ಯಯನದಲ್ಲಿ ಫಾಲಿಕ್ಯುಲರ್ ವಿಧದವರಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಐದು ವರ್ಷ ಬದುಕಿದ್ದರು. ಮ್ಯಾಂಟಲ್ ಸೆಲ್‌ನಲ್ಲಿ ಶೇ 30ಕ್ಕೂ ಕಡಿಮೆ. ಆದರೆ ನಿಧಾನದ ಫಾಲಿಕ್ಯುಲರ್ ಮತ್ತೆ ಮತ್ತೆ ಮರಳುತ್ತದೆ. ವೇಗವಾಗಿ ಬೆಳೆಯುವ ‘ಡಿಫ್ಯೂಸ್ ಲಾರ್ಜ್ ಬಿ-ಸೆಲ್’ ಬಿಟ್ಟರೆ ತಿಂಗಳುಗಳಲ್ಲಿ ಕೊಲ್ಲುತ್ತದೆ, ಚಿಕಿತ್ಸೆ ಕೊಟ್ಟರೆ ಪೂರ್ತಿ ಗುಣವಾಗಲೂಬಹುದು! ಆ ಅಧ್ಯಯನದಲ್ಲಿ ಅದರ ಅಂಕಿ ಶೇ 50ರ ಕೆಳಗಿತ್ತು. ಆಮೇಲೆ ಕೀಮೋ ಜೊತೆ ರಿಟುಕ್ಸಿಮ್ಯಾಬ್ ಸೇರಿತು. ಈಗ ನೂರರಲ್ಲಿ ಸುಮಾರು ಅರವತ್ತು ಜನ ಗುಣವಾಗುತ್ತಾರೆ. ಬಿ-ಕಣಗಳ ಮೇಲಿನ ಸಿಡಿ20 ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಔಷಧ ಅದು. ಟಿ-ಕಣದ ಲಿಂಫೋಮಾಗಳಲ್ಲಿ ಸಾಮಾನ್ಯವಾಗಿ ಆ ಪ್ರೋಟೀನೇ ಇರೋದಿಲ್ಲ. ಹಾಗಾಗಿ ಹಳೇ ಅಂಕಿಗಳನ್ನು ಗೂಗಲ್‌ನಲ್ಲಿ ಓದಿ ಹೆದರಬೇಡಿ, ನಾನು ಹೆದರಿದ್ದೆ.

ವೇಗವಾಗಿ ಬೆಳೆಯುವ ವಿಧಗಳಲ್ಲಿ ಹೆಸರಿನ ಜೊತೆ 1993ರಿಂದ ಬಳಕೆಯಲ್ಲಿರುವ ಐದು ಅಂಶಗಳನ್ನೂ ಲೆಕ್ಕ ಹಾಕುತ್ತಾರೆ: ಅರವತ್ತು ದಾಟಿದ ವಯಸ್ಸು, ರೋಗದ ಹಂತ, ರಕ್ತದ ಎಲ್‌ಡಿಎಚ್ ಮಟ್ಟ, ಓಡಾಡುವ ಶಕ್ತಿ, ಗ್ರಂಥಿಗಳಾಚೆ ಎಷ್ಟು ಕಡೆ ಹಬ್ಬಿದೆ ಎಂಬುದು.

ನಮ್ಮ ಕಡೆ ಕುತ್ತಿಗೆ ಗಂಟು ಅಂದರೆ ಮೊದಲ ಅನುಮಾನ ಟಿಬಿ. ಜ್ವರ, ರಾತ್ರಿ ಬೆವರು, ತೂಕ ಇಳಿಯೋದು ಎರಡರಲ್ಲೂ ಇರುತ್ತವೆ. ಸೂಜಿ ಪರೀಕ್ಷೆಯೊಂದೇ ಬಹಳ ಸಲ ಸಾಲದು, ಆದಷ್ಟೂ ಇಡೀ ಗಂಟನ್ನೇ ತೆಗೆದು ನೋಡಬೇಕು. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಹೊರಟರೆ ವರದಿ ಜೊತೆ ಸ್ಲೈಡು, ಮೇಣದ ಬ್ಲಾಕುಗಳನ್ನೂ ಒಯ್ಯಿರಿ.

ದೊಡ್ಡಪ್ಪನದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಅಂತಾಯ್ತು. ಡಾಕ್ಟರ್ ನೂರು-ಅರವತ್ತರ ಲೆಕ್ಕ ಹೇಳಿದಾಗ ಅವರು ನನ್ನ ಕಡೆ ತಿರುಗಿ, ‘ನೂರರಾಗ ನಾ ಎಷ್ಟನೇದಾವ?’ ಅಂದರು. ಮೊನ್ನೆ ಮೂರನೇ ಕೀಮೋ ಮುಗಿದಿದೆ.